ಏರ್ ಫ್ರೈಯರ್‌ನಲ್ಲಿ ಬಂಗುಡೆ

ಹೃದ್ರೋಗಿಗಳ ಮನೆಗೆ ಈಗ ಮಾತ್ರೆಯ ಜೊತೆಗೆ ಏರ್ ಫ್ರೈಯರ್ ಕೂಡ ಬರುತ್ತಿದೆ. ‘ಡಾಕ್ಟ್ರೇ, ಇನ್ನು ದಿನಾ ಮೀನು ಫ್ರೈ ತಿನ್ನಬಹುದಲ್ಲ?’ ಎಂದು ನಮ್ಮ ಮಂಗಳೂರಿನವರು ಕೇಳುವುದು ಸಹಜವೇ.

ಹೆಸರಿನಲ್ಲಿ ಫ್ರೈ ಇದ್ದರೂ ಇದು ಕರಿಯುವ ಯಂತ್ರವಲ್ಲ, ಪುಟ್ಟ ಓವನ್. ಮೇಲಿನ ಕಾಯಿಲ್ ಕಾಯಿಸಿದ ಗಾಳಿಯನ್ನು ಫ್ಯಾನ್ ರಭಸದಿಂದ ಆಹಾರದ ಸುತ್ತ ತಿರುಗಿಸುತ್ತದೆ. ಆದುದರಿಂದ ಓವನ್‌ಗೆ 200 ಡಿಗ್ರಿ ಹೇಳಿದ್ದರೆ ಇಲ್ಲಿ 180 ಸಾಕು. ಸಮಯವೂ ಐದರಲ್ಲೊಂದು ಪಾಲು ಕಡಿಮೆ.

ಬಂಗುಡೆಗೆ ಗೀರು ಹಾಕಿ, ಮಸಾಲೆ ಹಚ್ಚಿ, ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಒಂದು ಟೀ ಚಮಚ ತೆಂಗಿನೆಣ್ಣೆ ಸವರಿ. ಒಂದಕ್ಕೊಂದು ತಾಗದಂತೆ ಬುಟ್ಟಿಯಲ್ಲಿಟ್ಟು 180 ಡಿಗ್ರಿಯಲ್ಲಿ ಸುಮಾರು 12 ನಿಮಿಷ ಬೇಯಿಸಿ, ನಡುವೆ ಒಮ್ಮೆ ಮಗುಚಿ. ಮಾಂಸ ಮುಳ್ಳಿನಿಂದ ಸಲೀಸಾಗಿ ಬಿಡದಿದ್ದರೆ ಇನ್ನೆರಡು ನಿಮಿಷ. ಗೋಳಿಬಜೆಯ ಆಸೆ ಮಾತ್ರ ಬೇಡ. ಹಿಟ್ಟು ಬುಟ್ಟಿಯ ತೂತುಗಳಿಂದ ಸೋರಿಹೋಗುತ್ತದೆ!

ಲಾಭವಿರುವುದು ಎಣ್ಣೆಯಲ್ಲಿ. ಒಂದು ಟೀ ಚಮಚ ಎಣ್ಣೆಗೆ ಸುಮಾರು 40 ಕ್ಯಾಲೊರಿ. ಮತ್ತೆ ಮತ್ತೆ ಕಾಯಿಸಿದ ಎಣ್ಣೆಯ ಉಪದ್ರವವೂ ಇಲ್ಲ. ಆದರೆ ಮಸಾಲೆಯ ಉಪ್ಪು ಎಲ್ಲಿಗೂ ಹೋಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದಿನದ ಉಪ್ಪು 5 ಗ್ರಾಂಗಿಂತ ಕಡಿಮೆಯಿರಬೇಕು. ಉಪ್ಪಿನಕಾಯಿ, ಹಪ್ಪಳ, ಒಣಮೀನು ಎಲ್ಲವೂ ಈ ಲೆಕ್ಕದೊಳಗೇ ಬರುತ್ತವೆ. ರಕ್ತದೊತ್ತಡವಿರುವವರು ವಾರಕ್ಕೊಮ್ಮೆಯ ಫ್ರೈಯನ್ನು ದಿನನಿತ್ಯ ಮಾಡಿಕೊಂಡರೆ ಯಂತ್ರದಿಂದ ನಷ್ಟವೇ.

ಮಧುಮೇಹಿಗಳೂ ಗಮನಿಸಬೇಕು. ಎಣ್ಣೆ ಕಡಿಮೆಯಾದರೂ ಬಟಾಟೆಯ ಪಿಷ್ಟ ರಕ್ತದ ಸಕ್ಕರೆಯನ್ನು ಏರಿಸಿಯೇ ಏರಿಸುತ್ತದೆ. ಮಕ್ಕಳಿಗೆ ಚಿಪ್ಸ್ ಮಾಡುವಾಗ ಹೆಚ್ಚಿದ ತುಂಡುಗಳನ್ನು ಅರ್ಧ ಗಂಟೆ ನೀರಲ್ಲಿ ನೆನೆಸಿ, ಒರೆಸಿ ಹಾಕಿ. ಕಡು ಕಂದು ಬಣ್ಣಕ್ಕೆ ತಿರುಗಿದಷ್ಟೂ ಅಕ್ರಿಲಮೈಡ್ ಎಂಬ ಅನಪೇಕ್ಷಿತ ವಸ್ತು ಹೆಚ್ಚುತ್ತದೆ. ಹೊಂಬಣ್ಣ ಬಂದೊಡನೆ ತೆಗೆಯಿರಿ.