ಡೀಸೆಲ್ ಪೈಪಿಗೆ ಪಾನಾ ಹಚ್ಚುವ ಮುಂಚೆ

ಬೀದರ್‌ಗೆ ಒಯ್ಯುವ ಖರ್ಚು ಉಳಿಸಲು ಔರಾದ್‌ನಲ್ಲೇ ಪಿಕಪ್‌ನ ಇಂಜೆಕ್ಟರ್ ಪೈಪುಗಳನ್ನು ಬಿಚ್ಚಬಹುದೇ ಎಂದು ಕೇಳಿದ್ದೀರಿ. ಕಾಮನ್ ರೈಲ್ ಎಂಜಿನ್ ಆಗಿದ್ದರೆ ಬೇಡ. ಅದರ ಒತ್ತಡ ಸಾವಿರ ಬಾರ್ ದಾಟುತ್ತದೆ. ಕೂದಲೆಳೆಯಷ್ಟು ಸೋರಿಕೆಯೂ ಚರ್ಮ ತೂರಿ ಡೀಸೆಲನ್ನು ಮಾಂಸದೊಳಗೆ ನುಗ್ಗಿಸಬಲ್ಲದು. ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ತಕ್ಷಣ ಆಸ್ಪತ್ರೆಗೆ ಓಡಬೇಕು. ಬಿಚ್ಚಿದ ಪೈಪನ್ನು ಮತ್ತೆ ಹಾಕಬೇಡಿ, ಹೊಸದನ್ನೇ ಹಾಕಿ ಎಂದು ಅನೇಕ ಕಂಪನಿಗಳು ಹೇಳುತ್ತವೆ ಬೇರೆ.

ಕಾಮನ್ ರೈಲ್ ಇಲ್ಲದ ಹಳೆಯ ಟ್ರ್ಯಾಕ್ಟರ್ ಬಗ್ಗೆಯೂ ಕೇಳಿದ್ದೀರಿ; ಅದರ ಮಾತು ಬೇರೆ. ಎಂಜಿನ್ ತಣ್ಣಗಾಗಲಿ. ನಟ್‌ಗಳ ಸುತ್ತ ಬ್ರಷ್‌ನಿಂದ ಉಜ್ಜಿ, ಡೀಸೆಲ್‌ನಲ್ಲಿ ತೊಳೆದು ಒರೆಸಿ. ಬೀದರಿನ ಕೆಮ್ಮಣ್ಣಾಗಲಿ, ಭಾಲ್ಕಿ ಕಡೆಯ ಎರೆಹೊಲದ ಧೂಳಾಗಲಿ, ಒಂದು ಕಣ ಒಳಹೊಕ್ಕರೂ ನೋಜಲ್‌ಗೆ ಕುತ್ತು. ಮೊದಲು ಕ್ಲ್ಯಾಂಪ್ ತೆಗೆಯಿರಿ. ಪಂಪ್ ಬದಿಯಲ್ಲಿ ಪೈಪ್ ಕೂರುವ ಡೆಲಿವರಿ ವಾಲ್ವ್ ಹೋಲ್ಡರನ್ನು ಒಂದು ಪಾನಾದಿಂದ ಹಿಡಿದು ಇನ್ನೊಂದರಿಂದ ನಟ್ ಸಡಿಲಿಸಿ, ಇಲ್ಲದಿದ್ದರೆ ಹೋಲ್ಡರೇ ತಿರುಗೀತು. ಪೈಪ್ ಬಗ್ಗಿಸಿ ಎಳೆಯಬೇಡಿ. ಯಾವುದು ಯಾವ ಸಿಲಿಂಡರಿನದೆಂದು ಗುರುತು ಮಾಡಿ, ತೆರೆದ ಬಾಯಿಗಳಿಗೆ ಕ್ಯಾಪ್ ಹಾಕಿ; ಬಟ್ಟೆ ತುರುಕಿದರೆ ನೂಲು ಒಳಗುಳಿಯುತ್ತದೆ.

ಮರಳಿ ಜೋಡಿಸುವಾಗ ಮೊದಲು ಫಿಲ್ಟರ್, ಪಂಪಿನ ಏರ್ ತೆಗೆಯಿರಿ. ನೋಜಲ್ ಬದಿಯ ನಟ್ ಸಡಿಲ ಬಿಟ್ಟು ಸ್ಟಾರ್ಟರ್ ತಿರುಗಿಸಿ, ಗುಳ್ಳೆಯಿಲ್ಲದೆ ಡೀಸೆಲ್ ಬಂದ ಮೇಲೆ ಬಿಗಿ ಮಾಡಿ. ಸೋರಿಕೆ ನೋಡಲು ರಟ್ಟಿನ ತುಂಡು ಹಿಡಿಯಿರಿ, ಬೆರಳಲ್ಲ.