ಕೆರೆಯ ಈಜು, ಕಡಲಿನ ಲೆಕ್ಕ

ಬಿಕ್ಕೋಡಿನ ಸುತ್ತಮುತ್ತ ತೋಟದ ಕೆರೆಗಳಿಗೇನೂ ಬರವಿಲ್ಲ. ಫೆಬ್ರುವರಿ, ಮಾರ್ಚ್‌ನಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕೋಕೆ ಅಂತ ತೋಡಿಸಿದ ಆ ಕೆರೆಗಳಲ್ಲೇ ನಾವು ಮೂವರೂ ಈಜು ಕಲಿತದ್ದು. ಈ ಸಲ ಸೆಮಿಸ್ಟರ್ ರಜೆಗೆ ಮನೆಯವರನ್ನೂ ಕರ್ಕೊಂಡು ನೇತ್ರಾಣಿಗೆ ಸ್ನಾರ್ಕೆಲಿಂಗ್‌ಗೆ ಹೋಗೋಣ ಅಂದಾಗ, "ನಿಮಗೆ ಈಜು ಬರುತ್ತಲ್ಲ, ಇನ್ನೇನು" ಅಂತ ಮನೆಯಲ್ಲಿ ಎಲ್ಲರೂ ಒಪ್ಪಿಬಿಟ್ಟರು. ಅಷ್ಟು ಸುಲಭಕ್ಕೆ ಒಪ್ಪಿದ್ದೇ ನಮಗೆ ಸ್ವಲ್ಪ ಭಯ ಹುಟ್ಟಿಸಿತು. ಹಾಸ್ಟೆಲ್‌ನಲ್ಲಿ ಕೂತು ಲೆಕ್ಕ ಹಾಕಿದೆವು. ಕೆರೆಯಲ್ಲಿ ಕಲಿತ ಅಭ್ಯಾಸಗಳಲ್ಲಿ ಎಷ್ಟೋ ಕಡಲಿನಲ್ಲಿ ತಿರುಗಿ ಬೀಳುತ್ತವೆ.

ಕೆರಿಬಿಯನ್‌ನ ಬೊನೇರ್ ದ್ವೀಪದಲ್ಲಿ ರಸ್ತೆ ಬದಿ ಹಳದಿ ಬಣ್ಣ ಬಳಿದ ಕಲ್ಲು ನೋಡಿ ಗಾಡಿ ನಿಲ್ಲಿಸಿ, ದಡದಿಂದಲೇ ನಡೆದು ಹವಳದ ದಿಬ್ಬ ಮುಟ್ಟಬಹುದು. ನಮ್ಮ ಕರಾವಳಿಯಲ್ಲಿ ಹಾಗಿಲ್ಲ. ಹೊಳೆಗಳು ತರುವ ಮಣ್ಣು, ಅಲೆ ಎಬ್ಬಿಸುವ ಮರಳು ಸೇರಿ ದಡದ ನೀರು ಕದಡಿರುತ್ತೆ. ಹವಳ ನೋಡಬೇಕಾದರೆ ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೋಣಿಯಲ್ಲಿ ಹೋಗಬೇಕು, ಅದೂ ಮಳೆಗಾಲ ಬಿಟ್ಟು.

ಆದರೆ ದೋಣಿ ಹತ್ತೋಕೆ ಮುಂಚೆ, ಇಳಿದ ಮೇಲೆ ಎಲ್ಲರೂ ನೀರಿಗಿಳಿಯೋದು ದಡದಲ್ಲೇ. 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ದಡದಲ್ಲೇ ಸಮುದ್ರಪಾಲಾದರು. ಅಲೆಗಳು ದಡಕ್ಕೆ ತಂದ ನೀರು ಎಲ್ಲೋ ಒಂದು ಕಡೆ ವಾಪಸ್ ಹೋಗಲೇಬೇಕಲ್ಲ, ಆ ದಾರಿಯೇ ರಿಪ್ ಕರೆಂಟ್. ಅಲ್ಲಿ ಅಲೆ ಒಡೆಯೋದಿಲ್ಲ, ಹಾಗಾಗಿ ಅದೇ ಶಾಂತ ಜಾಗ ಅನ್ನಿಸುತ್ತೆ. ನಮ್ಮಂಥವರು ಸೆಕೆಂಡಿಗೆ 1 ಮೀಟರ್ ಈಜಿದರೆ ದೊಡ್ಡದು. ಜೋರಾದ ರಿಪ್ 2 ಮೀಟರ್ ದಾಟುತ್ತೆ. ಕೆರೆಯಲ್ಲಾದರೆ ಸುಸ್ತಾದಾಗ ಹತ್ತಿರದ ದಡಕ್ಕೆ ಈಜುತ್ತೇವೆ. ಇಲ್ಲಿ ಹಾಗೆ ಮಾಡಿದರೆ ಎದುರು ಸೆಳೆತಕ್ಕೆ ಸಿಕ್ಕಿ ಸೋಲೋದೇ. ರಿಪ್ ನಮ್ಮನ್ನು ಕೆಳಕ್ಕೆ ಎಳೆಯೋಲ್ಲ, ಹೊರಕ್ಕೆ ಎಳೆಯುತ್ತೆ. ತೇಲಿಕೊಂಡು, ಕೈಯೆತ್ತಿ ಕರೆದು, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಹೊರಬರಬೇಕು.

ಇನ್ನು ಸ್ನಾರ್ಕೆಲ್ ಕೊಳವೆ. ಉದ್ದ ಜಾಸ್ತಿ ಇದ್ದರೆ ಇನ್ನೂ ಆಳಕ್ಕೆ ಹೋಗಬಹುದಲ್ಲ ಅಂತ ನಮ್ಮಲ್ಲೊಬ್ಬ ಪಿ.ವಿ.ಸಿ. ಪೈಪಿನ ಐಡಿಯಾ ಕೊಟ್ಟಿದ್ದ. ಲೆಕ್ಕ ನೋಡಿ: ಸುಮ್ಮನೆ ಕೂತಾಗ ಒಂದು ಉಸಿರು ಸುಮಾರು 500 ಮಿ.ಲೀ. ಅದರಲ್ಲಿ 150 ಮಿ.ಲೀ. ಗಂಟಲು, ಶ್ವಾಸನಾಳದಲ್ಲೇ ಉಳಿದ ಹಳೇ ಗಾಳಿ. ಒಳವ್ಯಾಸ 2 ಸೆ.ಮೀ., ಉದ್ದ 40 ಸೆ.ಮೀ. ಇರುವ ಕೊಳವೆಯಲ್ಲಿ ಇನ್ನೊಂದು 125 ಮಿ.ಲೀ. ಹಳೇ ಗಾಳಿ. ಅಂದರೆ ಹೊಸ ಗಾಳಿ ಸಿಗೋದು 225 ಮಾತ್ರ. ಕೊಳವೆ 1 ಮೀಟರ್ ಆದರೆ ಅದರಲ್ಲೇ 314 ಹೋಗಿ, ಉಳಿಯೋದು ಬರೀ 36! ಸಾಲದ್ದಕ್ಕೆ 1 ಮೀಟರ್ ಆಳದಲ್ಲಿ ನೀರಿನ ಒತ್ತಡ ಸುಮಾರು 10 ಕಿಲೋಪಾಸ್ಕಲ್. ಎದೆಯ ವಿಸ್ತೀರ್ಣ 0.1 ಚದರ ಮೀಟರ್ ಅಂತಿಟ್ಟುಕೊಂಡರೆ 1000 ನ್ಯೂಟನ್, 50 ಕೆ.ಜಿ.ಯ ಎರಡು ಕಾಫಿ ಮೂಟೆ ಎದೆ ಮೇಲಿಟ್ಟ ಹಾಗೆ. ಪೈಪಿನ ಐಡಿಯಾ ಅಲ್ಲಿಗೇ ಮುಗೀತು. ಗಾಬರಿಯಾಗಿ ಸಣ್ಣಸಣ್ಣ ಉಸಿರು ತೆಗೆದರೆ ಹಳೇ ಗಾಳಿಯೇ ಓಡಾಡುತ್ತಿರುತ್ತೆ ಅನ್ನೋದೂ ಇದೇ ಲೆಕ್ಕದಿಂದ ಗೊತ್ತಾಗುತ್ತೆ. ಮನೆಯವರಿಗೆ ಮೊದಲು ಸೊಂಟದಷ್ಟು ನೀರಲ್ಲಿ ನಿಧಾನ, ದೀರ್ಘ ಉಸಿರು ಅಭ್ಯಾಸ ಮಾಡಿಸಬೇಕು.

ನಮ್ಮನ್ನು ನಿಜವಾಗಿ ನಡುಗಿಸಿದ್ದು ಇನ್ನೊಂದು ವಿಷಯ. ಯಾರು ಜಾಸ್ತಿ ಹೊತ್ತು ಮುಳುಗಿರ್ತಾರೆ ಅನ್ನೋ ಪಂದ್ಯ ಯಾರು ಆಡಿಲ್ಲ ಹೇಳಿ? ಮುಳುಗೋಕೆ ಮುಂಚೆ ಹತ್ತಿಪ್ಪತ್ತು ಸಲ ಜೋರಾಗಿ ಉಸಿರಾಡೋದು ನಮ್ಮ ಹಳೇ ಗುಟ್ಟು. ಹೈಸ್ಕೂಲಿನಲ್ಲಿದ್ದಾಗ ನಮ್ಮಲ್ಲೊಬ್ಬ ಹಾಗೆ ಮುಳುಗಿ ಮೇಲೇಳಲೇ ಇಲ್ಲ. ಅವನೇ ಗೆಲ್ತಿದಾನೆ ಅಂತ ನಾವು ಎಣಿಸ್ತಾ ನಿಂತಿದ್ದೆವು. ಪೈಪ್ ಜೋಡಿಸ್ತಿದ್ದ ತೋಟದ ಅಣ್ಣ ಒಬ್ಬರು ಹಾರಿ ಎಳೆದು ಹಾಕಿದರು. ಅದೃಷ್ಟ ಅಂದುಕೊಂಡು ಮರೆತಿದ್ದೆವು, ಕಾರಣ ಈಗ ಗೊತ್ತಾಯ್ತು. ಉಸಿರು ಬೇಕು ಅಂತ ದೇಹ ಒದ್ದಾಡೋದು ಮುಖ್ಯವಾಗಿ ಇಂಗಾಲದ ಡೈಆಕ್ಸೈಡ್ ಏರಿದಾಗ. ಜೋರಾಗಿ ಉಸಿರಾಡಿದರೆ ಆಮ್ಲಜನಕ ಹೆಚ್ಚೇನೂ ತುಂಬಲ್ಲ, ಡೈಆಕ್ಸೈಡ್ ಮಾತ್ರ ಖಾಲಿಯಾಗುತ್ತೆ. ಅಲಾರಂ ಆಫ್ ಮಾಡಿದ ಹಾಗೆ. ಒದ್ದಾಟವಿಲ್ಲದೆ, ಸದ್ದಿಲ್ಲದೆ ಪ್ರಜ್ಞೆ ಹೋಗುತ್ತೆ. ಮೇಲಿಂದ ನೋಡೋರಿಗೆ ಮೀನು ನೋಡ್ತಾ ತೇಲುತ್ತಿರೋ ಹಾಗೇ ಕಾಣುತ್ತೆ. ಅದಕ್ಕೇ ಜೋಡಿ ಬೇಕು: ಒಬ್ಬರು ಮುಳುಗಿದರೆ ಇನ್ನೊಬ್ಬರು ಮೇಲಿದ್ದು ನೋಡಬೇಕು.

ಲೈಫ್ ಜಾಕೆಟ್ ಎಲ್ಲರಿಗೂ, ಈಜು ಬರೋರಿಗೂ. ಒಳಗಿನ ಲೇಬಲ್ ಓದಿ. 50 ನ್ಯೂಟನ್ ಅಂತಿದ್ದರೆ ಅದು ಈಜು ಬಲ್ಲವರಿಗೆ ಆಸರೆ ಅಷ್ಟೆ, ಪ್ರಜ್ಞೆ ತಪ್ಪಿದವರ ಮುಖವನ್ನು ಮೇಲಕ್ಕೆ ತಿರುಗಿಸುತ್ತೆ ಅಂತ ನಂಬೋ ಹಾಗಿಲ್ಲ. ಮಕ್ಕಳಿಗೆ, ಹಿರಿಯರಿಗೆ ಕಾಲರ್ ಇರುವ 100 ನ್ಯೂಟನ್‌ನದು ಕೇಳಿ. ಬಿ.ಪಿ., ಹೃದಯದ ತೊಂದರೆ ಇದ್ದವರು ಮೊದಲು ಡಾಕ್ಟರನ್ನು ಕೇಳಲಿ.

ಅಲ್ಲಿ ಹೋದ ಮೇಲೆ ಸ್ಕೂಬಾನೂ ಮಾಡಿಬಿಡೋಣ ಅನ್ನೋರು ಇದ್ದೇ ಇರ್ತಾರೆ. ಕೆರೆಯಲ್ಲಿ ಉಸಿರು ಕಟ್ಟೋದೇ ಜಾಣತನ. ಸ್ಕೂಬಾದಲ್ಲಿ ಅದೇ ಅಪಾಯ. 10 ಮೀಟರ್ ಆಳದಲ್ಲಿ ಒತ್ತಡ ಎರಡು ಪಟ್ಟು. ಅಲ್ಲಿ ಎಳೆದ ಗಾಳಿ ಮೇಲೆ ಬರುವಷ್ಟರಲ್ಲಿ, ಬಾಯ್ಲ್ ನಿಯಮದ ಪ್ರಕಾರ, ಎರಡರಷ್ಟಾಗುತ್ತೆ. ಉಸಿರು ಬಿಗಿಹಿಡಿದರೆ ಶ್ವಾಸಕೋಶ ಹರಿಯಬಹುದು.

ಮಲೆನಾಡಿನವರು ಮರೆಯೋ ಇನ್ನೊಂದು ಸಂಗತಿ ಘಾಟಿ. ಒತ್ತಡದಲ್ಲಿ ರಕ್ತಕ್ಕೆ ಸೇರಿದ ಸಾರಜನಕ ಹೊರಬರೋಕೆ ಹೊತ್ತು ಬೇಕು. ಅಷ್ಟರೊಳಗೆ ಎತ್ತರಕ್ಕೆ ಹೋದರೆ ಗೋಲಿ ಸೋಡಾ ಒತ್ತಿದ ಹಾಗೆ ಗುಳ್ಳೆ ಏಳಬಹುದು. ಒಂದು ಡೈವ್ ಆದ ಮೇಲೆ ವಿಮಾನ ಹತ್ತೋಕೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚಾದರೆ 18 ಗಂಟೆ ಕಾಯಿರಿ ಅನ್ನುತ್ತೆ ಡೈವರ್ಸ್ ಅಲರ್ಟ್ ನೆಟ್‌ವರ್ಕ್. ಈ ಮಾತು ಸುಮಾರು 600 ಮೀಟರ್ ದಾಟುವ ರಸ್ತೆಗೂ ಸಲ್ಲುತ್ತೆ, ಬೇಲೂರು ಇರೋದು 900 ಮೀಟರ್‌ಗೂ ಮೇಲೆ. ಬರೀ ಸ್ನಾರ್ಕೆಲಿಂಗ್ ಮಾಡಿದವರಿಗೆ ಈ ತೊಂದರೆ ಇಲ್ಲ. ನಮ್ಮಲ್ಲಿ ಇಬ್ಬರಿಗೆ ಸ್ಕೂಬಾ ಆಸೆ ಇದೆ. ಹಾಗಾಗಿ "ಸಂಜೆಗೇ ಹೊರಟರೆ ರಾತ್ರಿ ಊಟಕ್ಕೆ ಮನೆ" ಅಂತಿದ್ದ ಪ್ಲಾನ್ ಹೋಗಿ, ಮುರುಡೇಶ್ವರದಲ್ಲಿ ಒಂದು ರಾತ್ರಿ ಹೆಚ್ಚಿಗೆ ರೂಮು ಹಿಡಿದಿದ್ದೇವೆ. ಖರ್ಚು ಸ್ಕೂಬಾ ಮಾಡೋರದ್ದೇ.