ಬರೆಯೋದು ಐದು, ಕೇಳೋದು ಮೂರು: ಫ್ರೆಂಚ್ ಕ್ರಿಯಾಪದಕ್ಕೆ ನಮ್ಮ ಸಂಧಿ

ಈ ಸೆಮಿಸ್ಟರ್ ನಾನು ಫ್ರೆಂಚ್ ಕಲೀತಾ ಇದ್ದೀನಿ. ಮೊದಲ ಡಿಕ್ಟೇಷನ್‌ನಲ್ಲಿ ಬಂದಿದ್ದು 10ಕ್ಕೆ 3. ಟೀಚರ್ 'ಅವರು' ಅಂದ ಕಡೆಯೆಲ್ಲ ನಾನು 'ಅವನು' ಅಂತ ಬರೆದಿದ್ದೆ! ತಪ್ಪು ಎಲ್ಲಿ ಅಂತ ಹುಡುಕುವಾಗ ನೆರವಿಗೆ ಬಂದಿದ್ದು ಹೈಸ್ಕೂಲಲ್ಲಿ ಮಾರ್ಕ್ಸ್‌ಗೋಸ್ಕರ ಬಾಯಿಪಾಠ ಮಾಡಿದ್ದ ಕನ್ನಡ ಸಂಧಿ.

1. ಮೂಕ ಅಕ್ಷರಗಳು

'ಪಾರ್ಲೆ' ಅಂದ್ರೆ ಮಾತಾಡೋದು (ಬಿಸ್ಕೆಟ್ ಅಲ್ಲ!). ವರ್ತಮಾನ ಕಾಲದಲ್ಲಿ ಅದರ ರೂಪಗಳು ಹೀಗಿವೆ:

ನಾನು – ಝ ಪಾರ್ಲ್
ನೀನು – ತ್ಯೂ ಪಾರ್ಲ್
ಅವನು – ಇಲ್ ಪಾರ್ಲ್
ನಾವು – ನೂ ಪಾರ್-ಲೋಂ
ನೀವು – ವೂ ಪಾರ್-ಲೆ
ಅವರು – ಇಲ್ ಪಾರ್ಲ್

ಇಲ್ಲಿ 'ಝ' ಅಂದ್ರೆ 'ಟೆಲಿವಿಷನ್' ಪದದ ನಡುವೆ ಬರುವ ಸದ್ದು. 'ಲೋಂ' ಅನ್ನುವಾಗ ತುಟಿ ಮುಚ್ಚಬಾರದು, ಸ್ವರ ಮೂಗಿನಿಂದ ಬರಬೇಕು.

ಕ್ರಿಯಾಪದದ ಸ್ಪೆಲ್ಲಿಂಗ್ ಐದು ಥರ, ಆದರೆ ಕಿವಿಗೆ ಬೀಳೋದು ಮೂರೇ. 'ಅವರು' ರೂಪದ ಕೊನೆಗೆ ಇ, ಎನ್, ಟಿ ಅಕ್ಷರಗಳಿರುತ್ತವೆ. ಇಎನ್‌ಟಿ ಅಂತ ನೆನಪಿಟ್ಕೊಳ್ಳಿ, ಆದರೆ ಇಲ್ಲಿ ಕಿವಿಗೂ ಗಂಟಲಿಗೂ ಅದರಿಂದ ಕೆಲಸ ಇಲ್ಲ, ಪೂರ್ತಿ ಮೂಕ. ಕಾಗದದ ಮೇಲೆ ಎರಡು ಸಿಲಬಲ್ ಥರ ಕಂಡರೂ ಮಾತಲ್ಲಿ ಒಂದೇ. (ಹಾಡುಗಳಲ್ಲಿ ಮತ್ತು ದಕ್ಷಿಣ ಫ್ರಾನ್ಸ್‌ನವರ ಮಾತಲ್ಲಿ ಕೊನೆಯ ಸ್ವರ ಕೆಲವೊಮ್ಮೆ ಕೇಳಿಸುತ್ತೆ.)

2. ಸಂಧಿ ಆಗೋ ಜಾಗ

'ಪ್ರೀತಿಸು' ಅನ್ನೋ ಕ್ರಿಯಾಪದ ಸ್ವರದಿಂದ ಶುರುವಾಗುತ್ತೆ: 'ಎಮ್'. ಈಗ ನೋಡಿ.

ಝ + ಎಮ್ = ಝೆಮ್. 'ನಾನು + ಇಲ್ಲ = ನಾನಿಲ್ಲ' ಇದ್ದ ಹಾಗೆ ಹಿಂದಿನ ಸ್ವರ ಹೋಯ್ತು. ನಮ್ಮ ಲೋಪ ಸಂಧಿಯೇ!

ಇಲ್ + ಎಮ್ = ಇ-ಲೆಮ್ (ಅವನು). ಇದು ಬರೀ ಕಾಗುಣಿತ, ಲ್ + ಎ = ಲೆ. ಪದ ಎಲ್ಲಿ ಮುಗೀತು ಅಂತ ಫ್ರೆಂಚ್ ಸಿಲಬಲ್‌ಗೆ ಚಿಂತೆಯಿಲ್ಲ. ವ್ಯಂಜನ ಮುಂದಿನ ಸ್ವರಕ್ಕೆ ಅಂಟಿಕೊಳ್ಳುತ್ತೆ.

ಇಲ್ + ಎಮ್ = ಇಲ್-ಜ಼ೆಮ್ (ಅವರು). ಈ ಬಹುವಚನದ 'ಇಲ್' ಕೊನೆಯಲ್ಲಿ ಒಂದು ಮೂಕ ಎಸ್ ಇದೆ. ಮುಂದೆ ಸ್ವರ ಬಂದ ತಕ್ಷಣ ಅದು ಎದ್ದು 'ಜ಼' ಆಗುತ್ತೆ, 'ಮೈಸೂರು ಜ಼ೂ' ಅನ್ನುವಾಗಿನ ಜ಼. ಆಗಮ ಸಂಧಿ ನೆನಪಾಗುತ್ತೆ ಅಲ್ವಾ? ಒಂದೇ ವ್ಯತ್ಯಾಸ: ನಮ್ಮಲ್ಲಿ ಯಕಾರ, ವಕಾರ ಹೊಸದಾಗಿ ಬರುತ್ತೆ, ಅಲ್ಲಿ ಮಲಗಿದ್ದ ಅಕ್ಷರ ಏಳುತ್ತೆ.

ನಾನು ಮಾರ್ಕ್ಸ್ ಕಳ್ಕೊಂಡಿದ್ದು ಈ ಜ಼ ಕೇಳಿಸಿಕೊಳ್ಳದೆ. ಪದದ ಕೊನೆಗೆ ಕಿವಿ ಕೊಟ್ಟು ಕೂತಿದ್ದೆ, ಉತ್ತರ ಇದ್ದಿದ್ದು ಎರಡು ಪದ ಸೇರೋ ಜಾಗದಲ್ಲಿ. ವ್ಯಂಜನದಿಂದ ಶುರುವಾಗೋ 'ಪಾರ್ಲ್'ನಲ್ಲಿ ಈ ಸಹಾಯವೂ ಇಲ್ಲ, ಅವನೋ ಅವರೋ ಅನ್ನೋದನ್ನ ಸಂದರ್ಭ ನೋಡಿಯೇ ತಿಳ್ಕೋಬೇಕು.

3. ನೀವೇ ಮಾಡಿ

'ವಾಸಿಸು' ಅನ್ನೋದಕ್ಕೆ 'ಆಬಿತ್'. ಬರೆಯುವಾಗ ಮೊದಲು ಎಚ್ ಇದೆ, ಅದೂ ಮೂಕ. ನಾನು, ಅವನು, ಅವರು ಮೂರಕ್ಕೂ ಚಪ್ಪಾಳೆ ತಟ್ಟಿ ಸಿಲಬಲ್ ಬಿಡಿಸಿ.

ಉತ್ತರ: ಝಾ-ಬಿತ್, ಇ-ಲಾ-ಬಿತ್, ಇಲ್-ಜ಼ಾ-ಬಿತ್. ಸರಿ ಬಂದಿದ್ರೆ ನಿಮ್ಮ ಕನ್ನಡ ಮೇಷ್ಟ್ರಿಗೊಂದು ಥ್ಯಾಂಕ್ಸ್ ಹೇಳಿ. ನಾನಂತೂ ಹೇಳಿದೆ.